ಇ-ಪೇಪರ್ ಪರದೆ: ಜೋಡಿಸುವುದು ಹೇಗೆ, ಕೆಡದಂತೆ ನಡೆಸುವುದು ಹೇಗೆ

ಇ-ಪೇಪರ್ ಪರದೆ ತಾನಾಗಿ ಬೆಳಕು ಸೂಸುವುದಿಲ್ಲ; ಕಾಗದದ ಹಾಗೆ ತನ್ನ ಮೇಲೆ ಬಿದ್ದ ಬೆಳಕಿನಲ್ಲೇ ಕಾಣುತ್ತದೆ. ಹಾಗಾಗಿ ಸುಡುಬಿಸಿಲಲ್ಲೂ ಅಕ್ಷರ ಸ್ಪಷ್ಟ, ಕತ್ತಲಲ್ಲಿ ಮಾತ್ರ ದೀಪ ಬೇಕೇಬೇಕು. ಪರದೆಯೊಳಗೆ ಕೂದಲೆಳೆಯಷ್ಟು ದಪ್ಪದ ಗುಳಿಗೆಗಳು ಒತ್ತೊತ್ತಾಗಿ ಕೂತಿರುತ್ತವೆ. ಒಂದೊಂದರಲ್ಲೂ ತಿಳಿಯಾದ ಎಣ್ಣೆಯಂಥ ದ್ರವ, ಅದರಲ್ಲಿ ಬಿಳಿ ಮತ್ತು ಕಪ್ಪು ಕಣಗಳು. ಬಿಳಿಯದು ಟೈಟಾನಿಯಂ ಡೈಆಕ್ಸೈಡ್, ಗೋಡೆಯ ಬಣ್ಣದಲ್ಲಿರುವುದೂ ಅದೇ. ಎರಡು ಬಗೆಯ ಕಣಗಳಿಗೂ ವಿರುದ್ಧ ವಿದ್ಯುದಾವೇಶ. ಸುಮಾರು 15 ವೋಲ್ಟ್ ಕೊಟ್ಟರೆ ಒಂದು ಬಗೆ ಮೇಲೇಳುತ್ತದೆ, ಇನ್ನೊಂದು ತಳ ಸೇರುತ್ತದೆ. ಕರೆಂಟ್ ತೆಗೆದರೂ ಅವು ಅಲ್ಲೇ ನಿಲ್ಲುತ್ತವೆ. ಬ್ಯಾಟರಿ ತಿಂಗಳುಗಟ್ಟಲೆ ಬರುವುದು ಇದರಿಂದಲೇ. ಆದರೆ ಕಣಗಳು ದ್ರವದಲ್ಲಿ ಈಜಿ ಹೋಗಬೇಕಾದ್ದರಿಂದ ವೇಗ ಕಡಿಮೆ. ವಿಡಿಯೊಗೆ ಇದು ಒಗ್ಗುವುದಿಲ್ಲ.

2.9 ಇಂಚಿನ, 296×128 ಪಿಕ್ಸೆಲ್‌ನ ಕಪ್ಪು-ಬಿಳುಪು ಮಾಡ್ಯೂಲನ್ನು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸುವುದಾದರೆ ಎಂಟು ವೈರು ಸಾಕು. ಮಾಡ್ಯೂಲಿನ ವಿಸಿಸಿಯನ್ನು (ಕರೆಂಟ್ ಕೊಡುವ ಪಿನ್) 3.3 ವೋಲ್ಟಿಗೆ, ಗ್ರೌಂಡನ್ನು ಗ್ರೌಂಡಿಗೆ, ಡಿಐಎನ್ (ಡೇಟಾ) ಮತ್ತು ಸಿಎಲ್‌ಕೆಯನ್ನು (ಕ್ಲಾಕ್) ಬೋರ್ಡಿನ ಎಸ್‌ಪಿಐ ಪಿನ್‌ಗಳಿಗೆ, ಅಂದರೆ ಡೇಟಾ ಕಳಿಸುವ ಪಿನ್‌ಗಳಿಗೆ ಕೊಡಿ. ಸಿಎಸ್ (ಚಿಪ್ ಆಯ್ಕೆ), ಡಿಸಿ (ಡೇಟಾ ಅಥವಾ ಕಮಾಂಡ್), ರೀಸೆಟ್, ಬ್ಯುಸಿ (ಪರದೆ ಕೆಲಸದಲ್ಲಿದೆ ಎಂದು ತಿಳಿಸುವುದು) ಈ ನಾಲ್ಕು ಖಾಲಿ ಇರುವ ಜಿಪಿಐಒ ಪಿನ್‌ಗಳಿಗೆ, ಅಂದರೆ ಯಾವುದಕ್ಕೆ ಬೇಕಾದರೂ ಬಳಸಬಹುದಾದ ಪಿನ್‌ಗಳಿಗೆ. 5 ವೋಲ್ಟ್ ಬೋರ್ಡಾದರೆ ಮಾಡ್ಯೂಲಿನಲ್ಲಿ ಲೆವೆಲ್ ಶಿಫ್ಟರ್ (5 ವೋಲ್ಟ್ ಸಿಗ್ನಲನ್ನು 3.3ಕ್ಕೆ ಇಳಿಸುವ ಭಾಗ) ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಒಂದು ಚಿತ್ರಕ್ಕೆ 37,888 ಬಿಟ್, ಅಂದರೆ 4,736 ಬೈಟ್ ಮೆಮೊರಿ ಬೇಕು. 2 ಕೆಬಿ ಮಾತ್ರ ಇರುವ ಬೋರ್ಡಿನಲ್ಲಿ ಚಿತ್ರವನ್ನು ಪಟ್ಟಿ ಪಟ್ಟಿಯಾಗಿ ಬಿಡಿಸಬೇಕಾಗುತ್ತದೆ.

ಕೋಡಿನ ಕ್ರಮ ಹೀಗೆ: ರೀಸೆಟ್, ಆರಂಭದ ಕಮಾಂಡ್‌ಗಳು, ಚಿತ್ರದ ಡೇಟಾ, ರಿಫ್ರೆಶ್ (ಚಿತ್ರವನ್ನು ಪರದೆಯ ಮೇಲೆ ಮೂಡಿಸುವುದು), ಬ್ಯುಸಿ ಪಿನ್ ಬಿಡುವಾಗುವ ತನಕ ಕಾಯುವುದು, ಕೊನೆಗೆ ಸ್ಲೀಪ್. ಈ ಸ್ಲೀಪ್ ಕಮಾಂಡನ್ನು ದಯವಿಟ್ಟು ಮರೆಯಬೇಡಿ. ಮರೆತರೆ ಒಳಗಿನ ಹೆಚ್ಚಿನ ವೋಲ್ಟೇಜ್ ಹಾಗೇ ಉಳಿದು ಪರದೆ ಶಾಶ್ವತವಾಗಿ ಹಾಳಾಗಬಹುದು. ಡೀಪ್ ಸ್ಲೀಪಿನಿಂದ ಎಬ್ಬಿಸಲು ಮತ್ತೆ ರೀಸೆಟ್ ಕೊಡಬೇಕು. ಪ್ರೋಗ್ರಾಂ ಕಾಯುತ್ತಾ ನಿಂತೇಬಿಟ್ಟರೆ ಬ್ಯುಸಿ ಪಿನ್ನಿನ ವೈರು ನೋಡಿ, ಆಮೇಲೆ ಲೈಬ್ರರಿಯಲ್ಲಿ (ಪರದೆ ನಡೆಸುವ ಸಿದ್ಧ ಕೋಡು) ಆರಿಸಿದ ಪರದೆ ಮಾದರಿ ನೋಡಿ. ಪರದೆಯ ಕೆಲವು ಕಂಟ್ರೋಲರ್ ಚಿಪ್‌ಗಳಲ್ಲಿ 1 ಎಂದರೆ ಬ್ಯುಸಿ, ಇನ್ನು ಕೆಲವಲ್ಲಿ 0 ಎಂದರೆ ಬ್ಯುಸಿ. ಒಂದೇ ಅಳತೆಯ ಪರದೆಗೂ ಹಲವು ಆವೃತ್ತಿಗಳಿರುತ್ತವೆ.

ಹಳೆಯ ಅಕ್ಷರದ ನೆರಳು ಉಳಿಯುವುದು ಎಲ್ಲರೂ ಹೇಳುವ ದೂರು. ಪೂರ್ತಿ ರಿಫ್ರೆಶ್‌ಗೆ ಸುಮಾರು 2 ಸೆಕೆಂಡ್ ಹಿಡಿಯುತ್ತದೆ, ಪರದೆ ಕಪ್ಪು-ಬಿಳುಪಾಗಿ ಮಿನುಗುತ್ತದೆ. ಭಾಗಶಃ ರಿಫ್ರೆಶ್ ಅರ್ಧ ಸೆಕೆಂಡಿನೊಳಗೆ ಮುಗಿಯುತ್ತದೆ, ಆದರೆ ಕೆಲವು ಕಣಗಳು ಅರ್ಧದಾರಿಯಲ್ಲೇ ಉಳಿಯುತ್ತವೆ. ಐದು ಸಲ ಭಾಗಶಃ ಮಾಡಿದರೆ ಒಂದು ಸಲ ಪೂರ್ತಿ ಮಾಡಿ. ಕೆಂಪು ಬಣ್ಣವೂ ಇರುವ ಪರದೆಗೆ 15 ಸೆಕೆಂಡ್ ಅಥವಾ ಇನ್ನೂ ಹೆಚ್ಚು ಬೇಕು. ಗಡಿಯಾರಕ್ಕೆ ಅದು ಬೇಡ.

ಚಳಿಗೆ ಗುಳಿಗೆಯೊಳಗಿನ ದ್ರವ ಮಂದವಾಗುತ್ತದೆ. ಸಾಮಾನ್ಯ ಪರದೆಗಳಿಗೆ 0ರಿಂದ 50 ಡಿಗ್ರಿ ಸೆಲ್ಸಿಯಸ್ ಹಿತ. ಬಹುತೇಕ ಪರದೆಗಳು ತೆಳು ಗಾಜಿನವು, ಬೆರಳಿಂದ ಒತ್ತಿದರೂ ಬಿರುಕು ಬಿಡಬಹುದು. ರಿಬ್ಬನ್ ಕೇಬಲನ್ನು ಗಾಜಿನ ಅಂಚಿಗೇ ಮಡಚಬೇಡಿ.

ಚಿತ್ರ ಕಾಣುತ್ತಿದೆ ಎಂದ ಮಾತ್ರಕ್ಕೆ ಸಾಧನ ನಡೆಯುತ್ತಿದೆ ಎಂದಲ್ಲ. ಬ್ಯಾಟರಿ ಸತ್ತು ವಾರವಾಗಿದ್ದರೂ ಅದು ಹಾಗೇ ಇರುತ್ತದೆ. ಮೂಲೆಯಲ್ಲಿ ಕೊನೆಯ ಬಾರಿ ಬದಲಾದ ಸಮಯವನ್ನು ಸಣ್ಣಕ್ಷರದಲ್ಲಿ ಮೂಡಿಸಿ.