80 ಮೀಟರ್‌ನಲ್ಲಿ ಗೇರ್ ಇಳಿಸುವುದು: ಎಟಿಆರ್ ಮಾದರಿಯಲ್ಲಿ ನನ್ನ ಅನುಭವ

"ಡೌನ್‌ವಿಂಡ್‌ನಾಗ ಗೇರ್ ಇಳಿಸ್ರಿ, ಫೈನಲ್‌ನಾಗ ಇಳಿಸಿದ್ರ ಮೂಗು ಸೀದಾ ಹೊಲಕ್ಕ." ಅಫಜಲಪುರ ರಸ್ತೆಯ ಕಡೆ ಮಾದರಿ ವಿಮಾನ ಹಾರಿಸುವವರೆಲ್ಲ ಇದನ್ನೇ ಹೇಳುತ್ತಿದ್ದರು. ಗೇರ್ ಅಂದರೆ ಒಡಲೊಳಗೆ ಮಡಚಿಕೊಳ್ಳುವ ಚಕ್ರದ ಕಾಲುಗಳು; ಡೌನ್‌ವಿಂಡ್ ಅಂದರೆ ಇಳಿಯುವ ಮುನ್ನ ಪಟ್ಟಿಯ ಪಕ್ಕದಲ್ಲಿ ಎದುರು ದಿಕ್ಕಿಗೆ ಹೋಗುವ ಹಾದಿ, ಫೈನಲ್ ಅಂದರೆ ಪಟ್ಟಿಗೆ ನೇರ ಇಳಿಯುವ ಕೊನೆಯ ಹಾದಿ. ನಾನು ಇಳಿಸುವುದು ಫೈನಲ್‌ನಲ್ಲೇ, ಪಟ್ಟಿಗೆ 80 ಮೀಟರ್ ಇರುವಾಗ. ಈಗ ಅವರಲ್ಲೇ ಕೆಲವರು ನನ್ನ ವೈರಿಂಗ್‌ನ ಫೋಟೊ ಕೇಳಿ ಪಡೆದಿದ್ದಾರೆ.

ಮಾದರಿ 1:15. ನಿಜವಾದ ಎಟಿಆರ್ 72ರ (ಎರಡು ಪ್ರೊಪೆಲ್ಲರ್‌ನ ಪ್ರಯಾಣಿಕ ವಿಮಾನ) ರೆಕ್ಕೆ 27 ಮೀಟರ್, ಇದರದು 1.8. ಹಾರುವ ತೂಕ 3.2 ಕಿಲೊ ಆಸುಪಾಸು, 900 ಕೆವಿಯ (ವೋಲ್ಟಿಗೆ ನಿಮಿಷಕ್ಕೆ 900 ಸುತ್ತು) 3536 ಅಳತೆಯ ಮೋಟರ್ ಎರಡು, 4 ಸೆಲ್‌ನ 5000 ಎಂಎಎಚ್ ಬ್ಯಾಟರಿ. ಡೆಪ್ರಾನ್ ಫೋಮ್‌ನ ಒಡಲನ್ನು ಶಹಾಬಾದಿ ಪರಸಿಯ ಮೇಲಿಟ್ಟು ಅಂಟಿಸಿದೆ. ಪ್ಲೈವುಡ್ ಮೇಜು ನಮ್ಮ ಬೇಸಿಗೆಗೆ ಸೊಟ್ಟಗಾಗುತ್ತದೆ, ಪರಸಿ ಜಪ್ಪಯ್ಯ ಅಂದರೂ ಆಗುವುದಿಲ್ಲ. ರೇಡಿಯೊ ಬಿಟ್ಟು 22–23 ಸಾವಿರ ಖರ್ಚು. ಅದರಲ್ಲಿ ಮೂರನೇ ಒಂದು ಪಾಲು ಗೇರೇ ನುಂಗಿತು: ಕಾಲು ಮಡಚಿ ಬಿಚ್ಚುವ ಮೋಟರ್ ಘಟಕ, ಅಂದರೆ ರಿಟ್ರ್ಯಾಕ್ಟ್, ಮೂರಕ್ಕೆ ಸುಮಾರು 5,000, ಚಕ್ರ ಹಿಡಿಯುವ ಸ್ಪ್ರಿಂಗ್ ಸ್ಟ್ರಟ್‌ಗಳಿಗೆ ಎರಡೂವರೆ ಸಾವಿರ.

ತಡವಾಗಿ ಏಕೆ ಇಳಿಸಬೇಕು? ಗೇರ್, ಫ್ಲ್ಯಾಪ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೆಳಗೆ ಬಾಗುವ ತುಂಡು) ಎರಡೂ ಇಳಿದಿದ್ದರೆ ಅರ್ಧಕ್ಕಿಂತ ಹೆಚ್ಚು ಥ್ರಾಟಲ್ ಬೇಕು. ಗೇರ್ ಒಳಗಿದ್ದರೆ ಮೂರನೇ ಒಂದು ಭಾಗ ಸಾಕು. ಏಪ್ರಿಲ್‌ನ 42 ಡಿಗ್ರಿಯಲ್ಲಿ, ಬ್ಯಾಟರಿ ಕೊನೆಗೆ ಬಂದಾಗ, ಆ ವ್ಯತ್ಯಾಸ ಮೋಟರ್ ವೇಗ ನಿಯಂತ್ರಿಸುವ ಇಎಸ್‌ಸಿಯ ಬಿಸಿಯಲ್ಲೇ ಗೊತ್ತಾಗುತ್ತದೆ. ಇನ್ನೊಂದು ಸುತ್ತು ಸಿಗುತ್ತದೆ ಅನ್ನಿ. ನೋಡಲೂ ಚಂದ.

ಲೆಕ್ಕ ಹೀಗೆ: ಫೈನಲ್ ವೇಗ ಸೆಕೆಂಡಿಗೆ 12–13 ಮೀಟರ್. 6 ವೋಲ್ಟ್‌ನಲ್ಲಿ ಗೇರ್ ಪೂರ್ತಿ ಇಳಿಯಲು 3 ಸೆಕೆಂಡ್, ಅಷ್ಟರಲ್ಲಿ 40 ಮೀಟರ್ ಹೋಗಿರುತ್ತದೆ. 80 ಮೀಟರ್ ದೂರ, 10 ಮೀಟರ್ ಎತ್ತರದಲ್ಲಿ ಸ್ವಿಚ್ ಒತ್ತಿದರೆ 40ಕ್ಕೆ ಲಾಕ್ ಆಗಬೇಕು. ಪಟ್ಟಿಯಿಂದ 30 ಮೀಟರ್ ಆಚೆ ಸುಣ್ಣದ ಗೆರೆ ಎಳೆದಿದ್ದೇನೆ. ಗೆರೆ ದಾಟುವಷ್ಟರಲ್ಲಿ ಖಾತ್ರಿ ಸಿಗದಿದ್ದರೆ ಪೂರ್ತಿ ಥ್ರಾಟಲ್, ಗೋ-ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರುವುದು. ಈ 10 ಮೀಟರ್ ನಿಜದ ಅಳತೆಯಲ್ಲಿ ಸುಮಾರು 500 ಅಡಿ. ಅಷ್ಟು ಕೆಳಗೆ ಬಂದರೂ ಗೇರ್ ಇಳಿಸದ ಏರ್‌ಲೈನ್ ಪೈಲಟ್ ಆಗಲೇ ಗೋ-ಅರೌಂಡ್ ಮಾಡಿರಬೇಕು, ನಿಜ. ಆದರೆ 3 ಕಿಲೊದ ಮಾದರಿ ಥ್ರಾಟಲ್ ಕೊಟ್ಟ ಕೂಡಲೇ ಏರುತ್ತದೆ, 22 ಟನ್ನಿನ ವಿಮಾನ ಹಾಗಲ್ಲ.

ಖಾತ್ರಿ ಎಲ್ಲಿಂದ? ಅದೇ ಇಲ್ಲಿನ ಅಸಲಿ ಕೆಲಸ. 55 ಮಿಮೀ ಚಕ್ರ, ಅದೂ ಒಡಲಿನ ನೆರಳಲ್ಲಿ, ಎದುರಿನಿಂದ 70 ಮೀಟರ್ ದೂರಕ್ಕೆ ಕಾಣುವುದಿಲ್ಲ. ಬಜರ್ ಹಾಕಿದರೆ ಎರಡು ಪ್ರೊಪೆಲ್ಲರ್‌ಗಳ ಸದ್ದಿನಲ್ಲಿ ಮುಳುಗಿತು. 1,200 ರೂಪಾಯಿಯ ಕರೆಂಟ್ ಸೆನ್ಸರ್ ಟೆಲಿಮೆಟ್ರಿಯೂ (ಅಳತೆಯನ್ನು ಕೈಯಲ್ಲಿನ ರೇಡಿಯೊಗೆ ಕಳುಹಿಸುವುದು) ದಂಡ: ರಿಟ್ರ್ಯಾಕ್ಟ್‌ನ ಬೋರ್ಡ್ ತಡೆ ಸಿಕ್ಕಾಗ ಕರೆಂಟ್ ಕಡಿಯುತ್ತದೆ. ಕೊನೆ ಮುಟ್ಟಿ ನಿಂತರೂ ಸೊನ್ನೆ, ಅರ್ಧಕ್ಕೆ ಸಿಕ್ಕಿಕೊಂಡರೂ ಸೊನ್ನೆ.

ಕೆಲಸ ಮಾಡಿದ್ದು 20 ರೂಪಾಯಿಯ ಮೈಕ್ರೊಸ್ವಿಚ್. ಕಾಲಿಗೊಂದರಂತೆ ಮೂರು, ಸಾಲಾಗಿ ಸೀರೀಸ್‌ನಲ್ಲಿ. ಮೂರೂ ಒತ್ತಿದರಷ್ಟೇ ಮೂಗಿನ ದೀಪ ಹತ್ತುತ್ತದೆ, ಒಂದು ಕಾಲು ಕೈಕೊಟ್ಟರೂ ದೀಪವಿಲ್ಲ. ಸ್ವಿಚ್ಚನ್ನು ಒತ್ತಬೇಕಾದ್ದು ಒಳಗೆ ಕಾಲಿನ ಬುಡ ಹಿಡಿದು ತಿರುಗುವ ಟ್ರನಿಯನ್ ಬ್ಲಾಕ್, ಕಾಲಿನ ತಂತಿಯಲ್ಲ. ತಂತಿ ಬಾಗುತ್ತದೆ, ಲಾಕ್ ಆಗುವ ಮೊದಲೇ ದೀಪ ಹತ್ತಿಸಿ ಸುಳ್ಳು ಹೇಳುತ್ತದೆ. ಕೊನೆಯ 2–3 ಡಿಗ್ರಿಯಲ್ಲಷ್ಟೇ ಒತ್ತುವಂತೆ ಕೂರಿಸಿ. ದೀಪ ಮೂಗಿನಲ್ಲಿ: 3 ವಾಟ್ ಎಲ್‌ಇಡಿ, 20 ಡಿಗ್ರಿ ಲೆನ್ಸ್, 700 ಮಿಲಿಆಂಪಿಯರ್ ಡ್ರೈವರ್, ಹಿಂದೆ ಅಲ್ಯೂಮಿನಿಯಂ ತುಂಡು. ಮಾಮೂಲಿ 5 ಮಿಮೀ ಎಲ್‌ಇಡಿ ನಮ್ಮ ಬಿಸಿಲಲ್ಲಿ ಕಾಣುವ ಮಾತೇ ಇಲ್ಲ. ಎಚ್ಚರಿಕೆ ಇದ್ದರೆ ಸಾಲದು, ನೋಡುತ್ತಿರುವ ಕಡೆಯೇ ಇರಬೇಕು. 2020ರ ಮೇ ತಿಂಗಳಲ್ಲಿ ಕರಾಚಿಯಲ್ಲಿ ಎ320 ಒಂದು ಗೇರ್ ಇಲ್ಲದೆ ರನ್‌ವೇಗೆ ಎಂಜಿನ್ ಉಜ್ಜಿತ್ತಲ್ಲ, ಕಾಕ್‌ಪಿಟ್‌ನಲ್ಲಿ ಎಚ್ಚರಿಕೆಗಳಿಗೇನೂ ಬರವಿರಲಿಲ್ಲ.

ಅರ್ಧಕ್ಕೆ ಸಿಕ್ಕಿಕೊಳ್ಳುವುದಕ್ಕೆ ಕಾರಣ ಗ್ರೀಸ್. ಕಾಲನ್ನು ತಿರುಗಿಸುವ ವರ್ಮ್ ಸ್ಕ್ರೂಗೆ ಗ್ರೀಸ್ ಹಚ್ಚಿದರೆ ಕರಿ ಮಣ್ಣಿನ ಧೂಳು ಕೂತು ಸಾಣೆಪುಡಿಯಂತಾಗುತ್ತದೆ, ತಿರುಗಲು ಬಿಗಿಯಾಗುತ್ತದೆ, ಬೋರ್ಡ್ ಅದನ್ನೇ ಕೊನೆ ಅಂದುಕೊಳ್ಳುತ್ತದೆ. ಪೂರ್ತಿ ಒರೆಸಿ ಒಣ ಗ್ರ್ಯಾಫೈಟ್ ಪುಡಿ ಹಾಕಿ. ಎರಡನೇ ಕಾರಣ, ಇಎಸ್‌ಸಿಯೊಳಗಿನ ಬಿಇಸಿಯಿಂದಲೇ (ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಸರ್ಕಿಟ್) ಗೇರ್‌ಗೂ ವಿದ್ಯುತ್ ಎಳೆಯುವುದು. ಮೂರೂ ಒಟ್ಟಿಗೆ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ರಿಸೀವರ್‌ಗೂ ಹೊಡೆತ. ಗೇರ್‌ಗೆ ಬೇರೆಯೇ 5 ಆಂಪಿಯರ್ ಯುಬಿಇಸಿ (ಪ್ರತ್ಯೇಕ ಬಿಇಸಿ) ಹಾಕಿ, ನಾಲ್ಕುನೂರು ಚಿಲ್ಲರೆ. ಇದರಲ್ಲಿ ಜಿಪುಣತನ ಬೇಡ.

ಮೂಗು ಬಾಗುವ ಭಯ ಸುಳ್ಳಲ್ಲ. ಇಳಿದ ಗೇರ್‌ಗೆ ಗಾಳಿಯ ಎಳೆತ ಗುರುತ್ವ ಕೇಂದ್ರದ ಕೆಳಗೆ ಬೀಳುತ್ತದೆ, ಮೂಗನ್ನು ಬಗ್ಗಿಸುತ್ತದೆ. ಮೂಗು ಏರಿಸಿ ಇಳಿಸುವ ಬಾಲದ ಎಲಿವೇಟರ್‌ಗೆ, ಗೇರ್ ಸ್ವಿಚ್ಚಿನ ಜೊತೆ ತಾನೇ ಸೇರುವಂತೆ, ಶೇ 4ರಷ್ಟು ಅಪ್ ಮಿಕ್ಸ್ ಕೊಟ್ಟೆ, ಆದರೆ ಒಮ್ಮೆಲೇ ಅಲ್ಲ, ಗೇರ್‌ನ 3 ಸೆಕೆಂಡಿಗೆ ಸರಿಯಾಗಿ ನಿಧಾನಕ್ಕೆ. ಫ್ಲ್ಯಾಪ್ ಅದಕ್ಕೂ ಮೊದಲೇ, ಬೇಸ್‌ನಲ್ಲಿ (ಫೈನಲ್‌ಗೆ ಮೊದಲಿನ ಅಡ್ಡ ಹಾದಿ), 15 ಡಿಗ್ರಿ. ಎರಡನ್ನೂ ಒಟ್ಟಿಗೆ ಇಳಿಸಿದರೆ ಮೂಗು ಎತ್ತಿದ್ದು ಯಾವುದು, ಬಗ್ಗಿಸಿದ್ದು ಯಾವುದು ಎಂದು ತಿಳಿಯದು. ಸ್ಟ್ರಟ್ ಒಳಗಿನ ಸ್ಪ್ರಿಂಗ್‌ನ ಕೆಳಗೆ ಏನಿಟ್ಟಿದ್ದೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಮೈದಾನಕ್ಕೆ ಬನ್ನಿ, ಬಿಚ್ಚಿ ತೋರಿಸುತ್ತೇನೆ.

ಬಿಳಿ ಹೊಟ್ಟೆ ಬೇಸಿಗೆಯ ಬಿಳಿ ಆಕಾಶದಲ್ಲಿ ಕರಗಿ, ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುವುದಿಲ್ಲ. ಈಗ ಹೊಟ್ಟೆ ಕಡುನೀಲಿ, ಎಡ ರೆಕ್ಕೆಯ ಕೆಳಗೆ ಅಂಗೈ ಅಗಲದ ಕೆಂಪು ಪಟ್ಟಿ, ಬಲಕ್ಕೆ ಎರಡು ಕಪ್ಪು. ಫ್ಲೋರೊಸೆಂಟ್ ಕಿತ್ತಳೆ ಒಂದೇ ಬೇಸಿಗೆಗೆ ಬೆಳ್ಳಗಾಯಿತು. ನೋಡಲು ಬಂದವರು ಇದನ್ನು ಕ್ಯೂ400 (ಅದೂ ಇಂಥದೇ ಪ್ರಯಾಣಿಕ ವಿಮಾನ) ಅನ್ನುವುದುಂಟು: ಎರಡಕ್ಕೂ ಮೇಲ್ರೆಕ್ಕೆ, ಟಿ-ಬಾಲ, ಎರಡು ಪ್ರೊಪೆಲ್ಲರ್. ಗೇರ್ ಇಳಿದರೆ ಗೊಂದಲವಿಲ್ಲ. ಕ್ಯೂ400ರ ಉದ್ದ ಕಾಲು ಎಂಜಿನ್ ಗೂಡಿನಿಂದ ಇಳಿಯುತ್ತದೆ, ಎಟಿಆರ್‌ನದು ಒಡಲಿನ ಪಕ್ಕದ ಉಬ್ಬಿನಿಂದ, ಗಿಡ್ಡ.

ಪಟ್ಟಿ 60 ಮೀಟರ್ ಉದ್ದ, 6 ಅಗಲ, ಮುರುಮು ಹಾಕಿ ರೋಲರ್ ಹೊಡೆಸಿದ್ದು, ಆರೇಳು ಟ್ರ್ಯಾಲಿ ಹಿಡಿಯಿತು. ಬರೀ ಎರೆ ಹೊಲದಲ್ಲಿ ಬೇಸಿಗೆಯ ಬಿರುಕಿಗೆ ಮೂಗಿನ ಚಕ್ರ ಸಿಕ್ಕಿ ಸ್ಟ್ರಟ್ ಮುರಿಯುತ್ತದೆ. 65 ಮಿಮೀ ಚಕ್ರ ಹಾಕಿ ನೋಡಿದೆ, ಬಿರುಕು ದಾಟಿತು, ಉಬ್ಬಿನೊಳಗೆ ಹಿಡಿಸಲಿಲ್ಲ.