ಜೋಡಿಯಾಗಿ ಊರು ಸುತ್ತುವ ಟ್ರೆಷರ್ ಹಂಟ್: ಮೊದಲ ಇಪ್ಪತ್ತು ನಿಮಿಷ ಓಡಬೇಡಿ

ಕೈಗೊಂದು ಸುಳಿವಿನ ಹಾಳೆ ಕೊಡುತ್ತಾರೆ. ಅದು ಹೇಳುವ ಜಾಗಗಳನ್ನು ಊರಲ್ಲಿ ಹುಡುಕಿ, ಕೇಳಿದ್ದನ್ನು ಮಾಡಿ ಅಂಕ ಗಳಿಸಿ, ಹೊತ್ತಿಗೆ ಸರಿಯಾಗಿ ಮುಕ್ತಾಯದ ಜಾಗ ಮುಟ್ಟಬೇಕು. ಇಂಥ ಸ್ಪರ್ಧೆಗಳಲ್ಲಿ ನಾನು ಗಂಡನ ಜೊತೆ ಓಡಿದ್ದೇನೆ. ಓಡದ ವರ್ಷ ಚೆಕ್‌ಪಾಯಿಂಟ್‌ನಲ್ಲಿ ನಿಂತು ಸಹಿ ಹಾಕಿಕೊಟ್ಟಿದ್ದೇನೆ. ಗಂಡ-ಹೆಂಡತಿ ಜೋಡಿಗಳು ಸೋಲುವುದು ಕಾಲಲ್ಲಿ ಶಕ್ತಿ ಇಲ್ಲದೆ ಅಲ್ಲ. ಸೀಟಿ ಊದಿದ ಕೂಡಲೇ ಒಬ್ಬರು ಓಡಿಬಿಡುತ್ತಾರೆ, ಇನ್ನೊಬ್ಬರು ಸುಳಿವಿನ ಹಾಳೆ ಓದುತ್ತಾ ಹಿಂದೆ ಬರುತ್ತಾರೆ. ಮೊದಲ ತಿರುವಿನಲ್ಲೇ ಮಾತಿಗೆ ಮಾತು. ಇದನ್ನು ಎಷ್ಟು ಸಲ ನೋಡಿದ್ದೇನೋ, ಪ್ರತಿ ಸಲವೂ ಬೇಜಾರಾಗುತ್ತದೆ.

1. ಹಿಂದಿನ ರಾತ್ರಿ
ಎರಡೂ ಫೋನ್ ಚಾರ್ಜ್ ಮಾಡಿ. ಪವರ್ ಬ್ಯಾಂಕ್, ಎರಡು ಪೆನ್, ನೀರು, ಹಳೇ ಶೂ. ಹೊಸ ಶೂ ಬೇಡವೇ ಬೇಡ. ಕುತ್ತಿಗೆಗೆ ನೇತುಹಾಕುವ ಪ್ಲಾಸ್ಟಿಕ್ ಫೋನ್ ಚೀಲಕ್ಕೂ ದುಡ್ಡು ಹಾಕಬೇಡಿ. ಬೆವರಿಗೆ ಒಳಗೆ ಮಂಜು ಕಟ್ಟುತ್ತದೆ, ಫೋಟೊ ಎಲ್ಲಾ ಮಸುಕಾಗಿ ಬರುತ್ತದೆ.

2. ಯಾರ ಮಾತು ಎಲ್ಲಿ ಕೊನೆ?
ಇದು ಮನೆಯಲ್ಲೇ ತೀರ್ಮಾನವಾಗಲಿ. ಒಬ್ಬರ ಕೈಯಲ್ಲಿ ಮ್ಯಾಪ್, ಇನ್ನೊಬ್ಬರ ಕೈಯಲ್ಲಿ ಸುಳಿವಿನ ಹಾಳೆ ಮತ್ತು ಗಡಿಯಾರ. ಎಡಕ್ಕೋ ಬಲಕ್ಕೋ ಅನ್ನುವುದು ಮ್ಯಾಪ್ ಹಿಡಿದವರ ಮಾತು. ‘ಈ ಸುಳಿವು ಸಾಕು, ಬಿಟ್ಟು ಮುಂದೆ ಹೋಗೋಣ’ ಅನ್ನುವುದು ಗಡಿಯಾರ ಹಿಡಿದವರ ಮಾತು. ಮಧ್ಯದಲ್ಲಿ ಅದಲು ಬದಲು ಬೇಡ. ನಮ್ಮಲ್ಲಿ ಮ್ಯಾಪ್ ನನ್ನದು. ತಪ್ಪು ಬೀದಿಗೆ ತಿರುಗಿಸಿದಾಗಲೂ ಅವರು ‘ಆಗಲೇ ಹೇಳಿದ್ದೆ’ ಅನ್ನುವುದಿಲ್ಲ. ಆ ಒಪ್ಪಂದವೇ ನಮ್ಮನ್ನು ಎಷ್ಟೋ ಸಲ ಕಾಪಾಡಿದೆ.

3. ಹಾಳೆ ಕೈಗೆ ಬಂದ ಮೇಲೆ
ಕೆಡುವುದು ಇಲ್ಲೇ. ಹಾಗಾಗಿ ಇದನ್ನು ನಿಧಾನವಾಗಿ ಓದಿ.

ಎಲ್ಲರೂ ಓಡಲಿ, ನೀವು ಮೊದಲ ಇಪ್ಪತ್ತು ನಿಮಿಷ ಕುಳಿತುಕೊಳ್ಳಿ. ಒಬ್ಬರು ಪ್ರತಿ ಸುಳಿವನ್ನೂ ಕೊನೆಯ ಪದದವರೆಗೆ ಜೋರಾಗಿ ಓದಲಿ. ‘ಎಣಿಸಿ’, ‘ಬರೆಯಿರಿ’, ‘ಫೋಟೊ ತೆಗೆಯಿರಿ’ ಎಂದಿರುವಲ್ಲೆಲ್ಲ ಸುತ್ತು ಹಾಕಿ. ಒಂದು ಸುಳಿವು ಹೀಗಿತ್ತು: ‘ಮುಳ್ಳಿದೆ, ಗಿಡವಲ್ಲ. ಗಂಟೆ ಇದೆ, ಗುಡಿಯಲ್ಲ. ಇಬ್ಬರೂ ಫೋಟೊದಲ್ಲಿರಿ, ಕೆಳಗಿನ ಕಲ್ಲಿನಲ್ಲಿರುವ ಮೂರನೇ ಹೆಸರು ಬರೆಯಿರಿ.’ ಗಡಿಯಾರದ ಗೋಪುರ ಅಂತ ಎಲ್ಲರಿಗೂ ಹೊಳೆಯಿತು. ಅಲ್ಲಿ ನಿಂತಿದ್ದವಳು ನಾನು. ಒಂದು ಜೋಡಿ ಬಂತು, ನಕ್ಕು ಫೋಟೊ ತೆಗೆದುಕೊಂಡಿತು, ಓಡಿತು. ಮುಕ್ಕಾಲು ಗಂಟೆ ಬಿಟ್ಟು ಅದೇ ಇಬ್ಬರು ವಾಪಸ್ ಬಂದರು. ಆಕೆ ಕಲ್ಲಿನ ಮೇಲೆ ಬೆರಳಿಟ್ಟು ಹೆಸರು ಹುಡುಕುತ್ತಿದ್ದರು, ಆತ ಬೆನ್ನು ತಿರುಗಿಸಿ ನಿಂತಿದ್ದರು. ಒಂದು ಮಾತೂ ಇಲ್ಲ.

ಓದಿದ್ದಾದ ಮೇಲೆ ಉತ್ತರ ಹೊಳೆದ ಜಾಗಗಳನ್ನೆಲ್ಲ ಕಾಗದದ ಮ್ಯಾಪ್‌ನಲ್ಲಿ ಗುರುತು ಮಾಡಿ. ಫೋನ್ ಪರದೆಯಲ್ಲಿ ಇಬ್ಬರಿಗೂ ಒಟ್ಟಿಗೆ ಇಡೀ ಊರು ಕಾಣುವುದಿಲ್ಲ. ಹತ್ತು ಜಾಗಗಳನ್ನು ಸುತ್ತಲು 36,28,800 ಕ್ರಮಗಳಿವೆ! ಅದರಲ್ಲಿ ಅತಿ ಚಿಕ್ಕದನ್ನು ಹುಡುಕುತ್ತಾ ಕೂರಬೇಡಿ. ಹತ್ತಿರ ಹತ್ತಿರ ಇರುವುದನ್ನು ಒಂದೊಂದು ಗುಂಪು ಮಾಡಿ. ಮೂರು ಗುಂಪಾದರೆ ಅವುಗಳ ಕ್ರಮ ಬರೀ ಆರು. ಆಗ ಕಣ್ಣಳತೆಯಲ್ಲೇ ದಾರಿ ಸಿಗುತ್ತದೆ. ಮುಕ್ತಾಯದ ಜಾಗಕ್ಕೆ ಹತ್ತಿರದ ಗುಂಪನ್ನು ಕೊನೆಗಿಡಿ.

ಈಗ ಸಮಯ ಕೂಡಿಸಿ. ಚುರುಕಾಗಿ ನಡೆದರೆ ಒಂದು ಕಿಲೋಮೀಟರ್‌ಗೆ 12 ನಿಮಿಷ. ಪ್ರತಿ ಜಾಗದಲ್ಲಿ ಹುಡುಕಾಟಕ್ಕೆ, ಫೋಟೊಗೆ ಐದು ನಿಮಿಷ ಸೇರಿಸಿ. ಹತ್ತು ಜಾಗಕ್ಕೆ ಬರೀ ನಿಲ್ಲುವುದಕ್ಕೇ 50 ನಿಮಿಷ ಆಯಿತಲ್ವಾ? ಇದನ್ನು ಮರೆತವರೇ ಜಾಸ್ತಿ. ಲೆಕ್ಕ ಮೀರಿದರೆ ದೂರದ, ಕಡಿಮೆ ಅಂಕದ ಒಂದೆರಡು ಜಾಗಗಳನ್ನು ಕುಳಿತಲ್ಲೇ ಹೊಡೆದು ಹಾಕಿ. ದಾರಿಯಲ್ಲಿ ಸುಸ್ತಾದಾಗ ಅದನ್ನು ಬಿಡಲು ಇಬ್ಬರಿಗೂ ಮನಸ್ಸು ಬರುವುದಿಲ್ಲ.

4. ದಾರಿಯಲ್ಲಿ
ಬಯಲಿನಲ್ಲಿ ಫೋನ್ ನಿಮ್ಮನ್ನು ಸುಮಾರು ಐದು ಮೀಟರ್ ಆಚೀಚೆ ತೋರಿಸುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ಬರುವುದರಿಂದ ನೀಲಿ ಚುಕ್ಕಿ ಪಕ್ಕದ ಬೀದಿಗೆ ಹಾರುತ್ತದೆ. ಅಲ್ಲಿ ಚುಕ್ಕಿ ನಂಬಬೇಡಿ, ಬೀದಿಯ ಹೆಸರು ಓದಿ. ದಾರಿ ಕೇಳುವುದಾದರೆ ಅಂಗಡಿಯವರನ್ನು ಕೇಳಿ, ನಡೆದು ಹೋಗುತ್ತಿರುವವರು ಆ ಊರಿನವರೇ ಆಗಿರಬೇಕೆಂದಿಲ್ಲ.

ಆಳಿಗೊಂದು ಕಡೆ ಹೋಗಿ ಬೇಗ ಮುಗಿಸೋಣ ಅಂತ ಅನ್ನಿಸುತ್ತದೆ. ಬೇಡ. ಫೋಟೊದಲ್ಲಿ ಇಬ್ಬರೂ ಇರಬೇಕು ಎಂಬ ನಿಯಮವಿದ್ದರೆ ಅಂಕವೇ ಸಿಗುವುದಿಲ್ಲ. ನಿಯಮ ಇಲ್ಲದಿದ್ದರೂ ಒಬ್ಬರನ್ನೊಬ್ಬರು ಕಾಯುವುದರಲ್ಲಿ ಉಳಿಸಿದ ಸಮಯ ಹೋಗಿಬಿಡುತ್ತದೆ.

ಒಂದು ಸುಳಿವಿಗೆ ಎಂಟು ನಿಮಿಷಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಗಡಿಯಾರ ಹಿಡಿದವರು ‘ಸಾಕು’ ಅಂದರೆ ಸಾಕು.

5. ಮುಕ್ತಾಯ
ತಡವಾದ ಪ್ರತಿ ನಿಮಿಷಕ್ಕೂ ಅಂಕ ಕಳೆಯುವ ಸ್ಪರ್ಧೆಗಳಿವೆ. ಹಾಗಾಗಿ ಹತ್ತು ನಿಮಿಷ ಮೊದಲೇ ಮುಟ್ಟಿ. ಹಾಳೆ ಕೊಡುವ ಮುಂಚೆ ಒಬ್ಬರು ಸುಳಿವಿನ ಸಂಖ್ಯೆ ಓದಲಿ, ಇನ್ನೊಬ್ಬರು ಆ ಫೋಟೊ ತೆರೆದು ಇಬ್ಬರ ಮುಖವೂ ಕಾಣುತ್ತಿದೆಯಾ ಅಂತ ನೋಡಿ ಟಿಕ್ ಹಾಕಲಿ.