ಕಲಬುರಗಿಯ ಮೇ ತಿಂಗಳಲ್ಲಿ ಬಿರುಕಿಲ್ಲದ ಸ್ಲ್ಯಾಬ್: ನನ್ನ ಅನುಭವ

ನಾಲ್ಕು ವರ್ಷದ ಹಿಂದೆ ಸೇಡಂ ರಸ್ತೆಯ ಕಡೆ ಒಂದು ಗೋದಾಮಿಗೆ ಮೇ ತಿಂಗಳಲ್ಲೇ ಸ್ಲ್ಯಾಬ್ ಹಾಕಿದ್ದೆ. ಬೆಳಗ್ಗೆ 9ಕ್ಕೆ ಶುರು, ಹೊರಗೆ 43 ಡಿಗ್ರಿ. ಹಾಕಿ ಎರಡು ಗಂಟೆಯೊಳಗೆ ಮೇಲ್ಮೈಯಲ್ಲಿ ಗೆರೆಗಳು ಮೂಡಿದವು. ಹದಿನಾಲ್ಕು ದಿನ ನೀರು ಕಟ್ಟಿ ನಿಲ್ಲಿಸಿದರೂ ಅವು ಕೂಡಲಿಲ್ಲ. ಜುಲೈ ಮಳೆಗೆ ಸೋರಿತು, ಬಿಲ್ ನಿಂತಿತು, ವಾಟರ್‌ಪ್ರೂಫಿಂಗಿಗೆ ಕೈಯಿಂದ ಸುಮಾರು 1.8 ಲಕ್ಷ ಹೋಯಿತು.

ಮರುವರ್ಷ ರಾತ್ರಿ ಹಾಕಿದೆ. ಆಗಲೂ ಕಾಂಕ್ರೀಟ್ 37 ಡಿಗ್ರಿ ತೋರಿಸಿತು. ಖಡಿಯ (ಜಲ್ಲಿಕಲ್ಲಿನ) ರಾಶಿಯೊಳಗೆ ಕೈ ಹಾಕಿದಾಗ ಕಾರಣ ತಿಳಿಯಿತು: ಗಾಳಿ ತಣ್ಣಗಾಗಿತ್ತು, ಖಡಿ ಆಗಿರಲಿಲ್ಲ. ಬಿಸಿ ಹವೆಯಲ್ಲಿ ಕಾಂಕ್ರೀಟ್ ಹಾಕುವುದಕ್ಕಿರುವ ಭಾರತೀಯ ಮಾನಕ ಐಎಸ್ 7861 ಹೇಳುವ 40 ಡಿಗ್ರಿ ಮಿತಿಯೊಳಗೇ ಇದ್ದೆ, ಆದರೂ ಬಿರುಕು ಬಿಟ್ಟಿತು. ನಮ್ಮ ಕಡೆ ಬಿಸಿಲಿಗಿಂತ, ಹಸಿ ಸ್ಲ್ಯಾಬಿನ ಮೇಲ್ಮೈ ನೀರನ್ನು ಹೀರುವ ಒಣಗಾಳಿಯೇ ದೊಡ್ಡ ವೈರಿ. ಸ್ಲ್ಯಾಬಿನ ಹಣೆಬರಹ ಮೊದಲ ಮೂರು ಗಂಟೆಯಲ್ಲೇ ಬರೆದುಹೋಗುತ್ತದೆ.

ಮೂರನೆಯ ಕೆಲಸ 30 ಮೀಟರ್ ಉದ್ದ, 9 ಮೀಟರ್ ಅಗಲದ ತೊಗರಿ ಗೋದಾಮು. ಖಡಿಗೆ ನೆರಳು ಕಟ್ಟಿಸಿ, ಸಂಜೆಯಿಂದಲೇ ನೀರು ಹೊಡೆಸಿದೆ. ಆ ತೇವದ ಲೆಕ್ಕ ಕಳೆದು, ಸಿಮೆಂಟ್ ಚೀಲಕ್ಕೆ ಬೇಕಾದ 25 ಲೀಟರ್ ನೀರಿನಲ್ಲಿ 8 ಕೆಜಿಯಷ್ಟನ್ನು ಪುಡಿ ಮಾಡಿದ ಐಸ್ ಆಗಿಯೇ ಹಾಕಿದೆ. ಮಿಕ್ಸರಿನಿಂದ ಇಳಿಯುವಾಗ ಒಂದು ಚೂರೂ ಉಳಿದಿರಬಾರದು, ಉಳಿದರೆ ಅಲ್ಲಿ ತೂತಾಗುತ್ತದೆ. ಹಿರಿಯ ಗೌಂಡಿ, "ಸಾಹೇಬ್ರ, ಶರಬತ್ತು ಮಾಡ್ತೀರೇನ್ರಿ?" ಅಂದ. ಮಾಲೀಕರಿಗೂ ನಂಬಿಕೆ ಇರಲಿಲ್ಲ, ಐಸಿನ ದುಡ್ಡು ಕೊಡುವುದಿಲ್ಲ ಎಂದರು. ಎರಡು ಟನ್ನಿಗೆ ಸ್ವಲ್ಪ ಕಡಿಮೆ, ಆರೂವರೆ ಸಾವಿರ ಆಯಿತು. ನಾನೇ ಕೊಟ್ಟೆ.

ಎರಡು ಮಿಕ್ಸರ್, ರಾತ್ರಿ 10ರಿಂದ ಬೆಳಗಿನ ಜಾವ 4. ಕಾಂಕ್ರೀಟ್ 28-29 ಡಿಗ್ರಿ ದಾಟಲಿಲ್ಲ. ಗಾಳಿ ಬರುವ ದಿಕ್ಕಿಗೆ ತಾಡಪತ್ರಿ ಎತ್ತರಕ್ಕೆ ಕಟ್ಟಿದ್ದೆ. ಹತ್ತಿಗೆ ಔಷಧಿ ಹೊಡೆಯುವ ಪಂಪುಗಳನ್ನು ಚೆನ್ನಾಗಿ ತೊಳೆದು, ಅವುಗಳಿಂದ ಸ್ಲ್ಯಾಬಿನ ಮೇಲಿನ ಗಾಳಿಗೆ ಮಂಜು ಹಿಡಿಸಿದೆವು. ಸ್ಲ್ಯಾಬಿಗೆ ನೇರವಾಗಿ ಹೊಡೆದರೆ ಕೆಡುತ್ತದೆ. ಫಿನಿಶಿಂಗ್ ಮುಗಿದ ಕಡೆಯಲ್ಲೆಲ್ಲ ಹಿಂದೆಯೇ ಪ್ಲಾಸ್ಟಿಕ್ ಹಾಳೆ, ಗಟ್ಟಿಯಾದ ಮೇಲೆ ಒದ್ದೆ ಗೋಣಿತಟ್ಟು. ಕಾಂಕ್ರೀಟ್ ಬೇಗ ಗಟ್ಟಿಯಾಗದಂತೆ ತಡೆಯುವ ರಿಟಾರ್ಡರ್ ಎಷ್ಟು, ಯಾವ ಹೊತ್ತಿಗೆ ಹಾಕಿದೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕೆ ಎರಡು ಬೇಸಿಗೆ ಸವೆಸಿದ್ದೇನೆ.

ಇಷ್ಟಾದರೂ ಚಳಿಗಾಲದ್ದು ಬೇರೆ ಲೆಕ್ಕ. 30 ಮೀಟರ್ ಸ್ಲ್ಯಾಬ್ 30 ಡಿಗ್ರಿ ಏರಿಳಿತಕ್ಕೆ 9 ಮಿಲಿಮೀಟರ್ ಸರಿಯುತ್ತದೆ. ನಮ್ಮ ಮೇ ಮಧ್ಯಾಹ್ನಕ್ಕೂ ಜನವರಿ ಬೆಳಗಿನ ಜಾವಕ್ಕೂ ಅಷ್ಟು ಅಂತರ ಸಲೀಸಾಗಿ ಬೀಳುತ್ತದೆ. ಗೋಡೆ ಬಿಗಿಯಾಗಿ ಹಿಡಿದುಕೊಂಡರೆ ಸ್ಲ್ಯಾಬಿನ ಕೆಳಗೆ ಗೋಡೆಯ ಉದ್ದಕ್ಕೂ ಅಡ್ಡ ಬಿರುಕು. ಅದಕ್ಕೆ ಸ್ಲ್ಯಾಬಿನ ನಡುವೆ 25 ಮಿಮೀ ಸಂದು ಬಿಟ್ಟೆ. ಗೋಡೆಯ ತಲೆಗೆ ನುಣುಪಾದ ಗಿಲಾವು ಮಾಡಿಸಿ, ಮೇಲೆ ಎರಡು ಪದರ ಡಾಂಬರು ಫೆಲ್ಟ್ ಹಾಸಿ, ಸ್ಲ್ಯಾಬ್ ಜಾರಲು ಜಾಗ ಕೊಟ್ಟೆ.

ಕುತೂಹಲಕ್ಕೆ ಅರ್ಧ ಮಾಳಿಗೆಗೆ ಮಾತ್ರ ಸುಣ್ಣ ಬಳಿದು ನೋಡಿದೆ. ಒಳಗಿನಿಂದ ಆ ಭಾಗ ಸುಮಾರು 5 ಡಿಗ್ರಿ ತಂಪು. ಬರೀ ಸುಣ್ಣ ಮೊದಲ ಮಳೆಗೇ ಹೋಯಿತು. ಫೆವಿಕಾಲ್ ಬೆರೆಸಿ ಬಳಿದದ್ದು ಈಗಲೂ ಇದೆ.

ಐಸ್, ತಾಡಪತ್ರಿ, ರಾತ್ರಿ ಕೂಲಿ ಎಲ್ಲ ಸೇರಿ ಹೆಚ್ಚುವರಿ ಖರ್ಚು 22 ಸಾವಿರ ಇರಬೇಕು. ಎರಡು ಮಳೆಗಾಲ ಕಳೆದಿವೆ, ಒಂದು ಚೀಲ ತೊಗರಿಯೂ ಒದ್ದೆಯಾಗಿಲ್ಲ. ಹೋದ ಏಪ್ರಿಲ್‌ನಲ್ಲಿ ಅದೇ ಗೌಂಡಿ ಫೋನ್ ಮಾಡಿ, ಐಸ್ ಎಲ್ಲಿ ತರಿಸಿದ್ರಿ ಅಂತ ಕೇಳಿದ.